ಪರಮಾಣುವಿನ ರಚನೆ ಮತ್ತು ವಿಕಿರಣ ವಿಚಾರ

(ಶ್ರೀಮಠದ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಪಂಡಿತರು ಮಾತನಾಡುವ ಈ ಮಂಟಪದಲ್ಲಿ ಪರಮಾಣುವಿನ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಶ್ರೀಮಠವು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವುದು. ನಾವು ತುಳಿಯುವ ಮಣ್ಣು, ಕುಡಿಯುವ ನೀರು, ಧರಿಸುವ ವಿಭೂತಿ ಇವು ಯಾವುದರಿಂದ ಆಗಿವೆಯೆಂಬ ಅರಿವೂ ಆ ಜ್ಞಾನದೊಳಗೆ ಸೇರಿದುದೇ. ಅದಲ್ಲದೆ ಪರಮಾಣುವಿನ ಶಕ್ತಿಯು ಇಂದು ಪ್ರಯೋಗಶಾಲೆಯಲ್ಲಿಯೇ ಉಳಿದಿಲ್ಲ. ಕೈಗಾದಿಂದ ವಿದ್ಯುತ್ತಾಗಿ ಮನೆಯ ದೀಪಕ್ಕೆ ಬಂದಿದೆ. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಬಳಿಗೂ ಬಂದಿದೆ. ಅದನ್ನು ತಿಳಿಯದೆ ಅಂಜುವುದೂ ತರವಲ್ಲ, ತಿಳಿಯದೆ ನಂಬುವುದೂ ತರವಲ್ಲ.

ವಸ್ತುವನ್ನು ಒಡೆಯುತ್ತ ಹೋದರೆ ಕಡೆಗೆ ಒಡೆಯಲಾಗದ ಕಣವೊಂದು ಉಳಿಯುವುದೆಂದು ನಮ್ಮ ದೇಶದಲ್ಲಿ ವೈಶೇಷಿಕ ದರ್ಶನದ ಕಣಾದನೂ, ಗ್ರೀಸ್ ದೇಶದಲ್ಲಿ ಡೆಮಾಕ್ರಿಟಸನೂ ಹೇಳಿದರು. ಅವರು ಅದನ್ನು ಯುಕ್ತಿಯಿಂದ ಕಂಡರು. ಪ್ರಯೋಗದಿಂದ ಅಳೆದವರು ಬಹಳ ಕಾಲದ ಮೇಲೆ ಬಂದರು. ಹಿರಿಯರು ಎಲ್ಲವನ್ನೂ ಮೊದಲೇ ಬಲ್ಲವರಾಗಿದ್ದರೆಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರಂತೆ ನಾವೂ ಕೇಳಿ ವಿಚಾರಿಸುವುದೇ ನಿಜವಾದ ಗೌರವ.

ಒಡೆಯಲಾಗದೆಂದು ತಿಳಿದಿದ್ದ ಈ ಪರಮಾಣುವಿಗೂ ಒಳಗೊಂದು ರಚನೆಯುಂಟೆಂದು ೧೮೯೭ರಲ್ಲಿ ತಿಳಿದುಬಂದಿತು. ಆ ವರ್ಷ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ನನು ಋಣವಿದ್ಯುತ್ತುಳ್ಳ ಎಲೆಕ್ಟ್ರಾನನ್ನು ಕಂಡುಹಿಡಿದನು. ೧೯೦೯ರಲ್ಲಿ ರುದರ್‌ಫರ್ಡನ ಶಿಷ್ಯರಾದ ಗೈಗರ್ ಮತ್ತು ಮಾರ್ಸ್‌ಡನ್ನರು ಚಿನ್ನದ ತೆಳುವಾದ ರೇಕಿನ ಮೇಲೆ ವೇಗದ ಕಣಗಳನ್ನು ಬಿಟ್ಟು ನೋಡಿದರು. ಬಹುತೇಕ ಕಣಗಳು ತಡೆಯಿಲ್ಲದೆ ದಾಟಿದುವು. ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಮಾತ್ರ ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬಂದಿತು. ಇದರಿಂದ ಪರಮಾಣುವಿನ ಬಹುಭಾಗವು ಬರಿದೆಂದೂ, ನಡುವೆ ಧನವಿದ್ಯುತ್ತುಳ್ಳ ಅತಿ ಸಣ್ಣ ಬೀಜವೊಂದುಂಟೆಂದೂ ರುದರ್‌ಫರ್ಡನು ೧೯೧೧ರಲ್ಲಿ ನಿರ್ಣಯಿಸಿದನು. ಆ ಬೀಜವನ್ನು ಸಾಸಿವೆ ಕಾಳಿನಷ್ಟು ಹಿಗ್ಗಿಸಿದೆವೆಂದು ಎಣಿಸೋಣ. ಆಗ ಇಡಿಯ ಪರಮಾಣುವು ಜಾತ್ರೆಯಲ್ಲಿ ತೇರೆಳೆಯುವ ಬಯಲಿನಷ್ಟಾದೀತು. ಆದರೂ ಭಾರವೆಲ್ಲ ಹೆಚ್ಚುಕಡಿಮೆ ಆ ಕಾಳಿನಲ್ಲಿಯೇ ಅಡಗಿದೆ. ಬಯಲು ಎಂಬ ಮಾತು ಶರಣರ ಅನುಭಾವದಲ್ಲಿ ಬೇರೆಯ ಅರ್ಥವುಳ್ಳುದು, ಎರಡನ್ನೂ ಬೆರೆಸಲಾಗದು.

ಬೀಜದೊಳಗೆ ಧನವಿದ್ಯುತ್ತಿನ ಪ್ರೋಟಾನುಗಳೂ, ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇರುವುವು. ನ್ಯೂಟ್ರಾನನ್ನು ಕಂಡುಹಿಡಿದವನು ಚಾಡ್ವಿಕ್, ಅದು ೧೯೩೨ರಲ್ಲಿ. ಮೂಲಧಾತುವಿನ ಕುಲವನ್ನು ನಿಶ್ಚಯಿಸುವುದು ಪ್ರೋಟಾನುಗಳ ಸಂಖ್ಯೆ. ಒಂದಿದ್ದರೆ ಜಲಜನಕ, ೬ ಇದ್ದರೆ ಇಂಗಾಲ, ೭೯ ಇದ್ದರೆ ಚಿನ್ನ, ೮೨ ಇದ್ದರೆ ಸೀಸ, ೯೨ ಇದ್ದರೆ ಯುರೇನಿಯಂ. ಹಲವು ಪರಮಾಣುಗಳಲ್ಲಿ ಬೀಜವು ಸ್ಥಿರವಾಗಿರುವುದು. ಯುರೇನಿಯಂ, ರೇಡಿಯಂಗಳಂಥವುಗಳಲ್ಲಿ ಸ್ಥಿರವಲ್ಲ. ಅದು ತಾನಾಗಿಯೇ ಸಿಡಿದು ಕಿರಣಗಳನ್ನು ಹೊರಚೆಲ್ಲುವುದು. ಈ ಗುಣವೇ ವಿಕಿರಣಶೀಲತೆ.

ಇದನ್ನು ಮೊದಲು ಕಂಡವನು ಫ್ರಾನ್ಸಿನ ಬೆಕೆರೆಲ್. ೧೮೯೬ರಲ್ಲಿ ಅವನು ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಫಲಕದ ಮೇಲೆ ಯುರೇನಿಯಂ ಲವಣವನ್ನಿಟ್ಟಿದ್ದನು. ಮೋಡ ಕವಿದು ಬಿಸಿಲು ಬೀಳದಿದ್ದರೂ ಫಲಕದ ಮೇಲೆ ಅದರ ಗುರುತು ಮೂಡಿತು. ಮೇರಿ ಕ್ಯೂರಿ ಮತ್ತು ಅವಳ ಪತಿ ಪಿಯರ್ ಕ್ಯೂರಿ ಈ ಜಾಡನ್ನು ಹಿಡಿದು ೧೮೯೮ರಲ್ಲಿ ಪೊಲೋನಿಯಂ, ರೇಡಿಯಂಗಳೆಂಬ ಎರಡು ಹೊಸ ಧಾತುಗಳನ್ನು ಕಂಡರು. ಮಳೆಗೆ ಸೋರುವ ಹಳೆಯ ಕೊಟ್ಟಿಗೆಯಂಥ ಕಟ್ಟಡದಲ್ಲಿ ಆ ತಾಯಿಯು ಟನ್ನುಗಟ್ಟಲೆ ಅದಿರನ್ನು ಕುದಿಸಿ, ಕಲಕಿ, ಸೋಸಿ, ೧೯೦೨ರ ಹೊತ್ತಿಗೆ ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ರೇಡಿಯಂ ಲವಣವನ್ನು ಪಡೆದಳು. ಆ ವಿಧಾನಕ್ಕೆ ಪೇಟೆಂಟ್ ಪಡೆದು ಹಣ ಮಾಡಿಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲಿನದು ಕಾಯಕ, ಎರಡನೆಯದು ದಾಸೋಹ.

ಈ ಕಿರಣಗಳು ಮೂರು ಬಗೆ. ಆಲ್ಫಾ ಕಿರಣವು ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಗುಂಪು. ಒಂದು ಹಾಳೆ ಕಾಗದವೇ ಅದನ್ನು ತಡೆಯುವುದು. ಬೀಟಾ ಎಂಬುದು ಬೀಜದಿಂದ ಹೊರಟ ಎಲೆಕ್ಟ್ರಾನು; ಅದಕ್ಕೆ ಅಲ್ಯುಮಿನಿಯಂ ತಗಡು ಸಾಕು. ಗಾಮಾ ಎಂಬುದು ಬೆಳಕಿನ ಜಾತಿಯದು, ಆದರೆ ಬಹು ಪ್ರಬಲವಾದುದು. ಅದನ್ನು ತಗ್ಗಿಸಲು ದಪ್ಪನೆಯ ಸೀಸದ ಗೋಡೆ ಬೇಕು. ಆಲ್ಫಾ ಅಥವಾ ಬೀಟಾ ಹೊರಟಾಗ ಧಾತುವಿನ ಕುಲವೇ ಬದಲಾಗುವುದು. ೮೮ ಪ್ರೋಟಾನುಗಳ ರೇಡಿಯಂ ಆಲ್ಫಾವನ್ನು ಬಿಟ್ಟು ೮೬ರ ರೇಡಾನ್ ಎಂಬ ಅನಿಲವಾಗುವುದು. ಹೀಗೆಯೇ ಮಾರ್ಪಡುತ್ತ ಕಡೆಗೆ ಸೀಸವಾಗಿ ನಿಲ್ಲುವುದು.

ಯಾವ ಪರಮಾಣು ಯಾವ ಗಳಿಗೆಯಲ್ಲಿ ಸಿಡಿಯುವುದೆಂದು ಯಾರೂ ಹೇಳಲಾರರು. ಆದರೆ ರಾಶಿಯಲ್ಲಿ ಅರ್ಧ ಕರಗುವ ಕಾಲವು ನಿಯತವಾದುದು. ಅದಕ್ಕೆ ಅರ್ಧಾಯು ಎಂದು ಹೆಸರು. ರೇಡಿಯಂನ ಅರ್ಧಾಯು ಸುಮಾರು ೧೬೦೦ ವರ್ಷ. ಹದಿನಾರು ಪಾಲು ರೇಡಿಯಂ ಇದ್ದರೆ ೧೬೦೦ ವರ್ಷಕ್ಕೆ ಎಂಟು ಪಾಲು, ೩೨೦೦ ವರ್ಷಕ್ಕೆ ನಾಲ್ಕು, ೬೪೦೦ ವರ್ಷಕ್ಕೆ ಒಂದು ಪಾಲು ಉಳಿಯುವುದು. ಮುಖ್ಯ ಜಾತಿಯ ಯುರೇನಿಯಂಗೆ ಸುಮಾರು ೪೫೦ ಕೋಟಿ ವರ್ಷ. ರೇಡಾನಿಗೆ ನಾಲ್ಕು ದಿನವೂ ಇಲ್ಲ. ಬೆಂಕಿಯಲ್ಲಿ ಕಾಯಿಸಿದರೂ ಮಂಜಿನಲ್ಲಿ ಹೂತರೂ ಈ ಲೆಕ್ಕವು ತಪ್ಪದು.

ಮಣ್ಣಿನಲ್ಲಿ, ಕಲ್ಲಿನಲ್ಲಿ, ನಮ್ಮ ಮೈಯೊಳಗಿನ ಪೊಟ್ಯಾಸಿಯಂನಲ್ಲಿಯೂ ಅಲ್ಪ ವಿಕಿರಣವು ಸಹಜವಾಗಿಯೇ ಇರುವುದು. ಹೆಚ್ಚಾದಾಗ ಮಾತ್ರ ಅದರ ಹಾನಿಯು ದೊಡ್ಡದು. ಸುಮಾರು ೧೯೧೭ರಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುವ ಹೆಣ್ಣುಮಕ್ಕಳಿದ್ದರು. ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಿರೆಂದು ಅವರಿಗೆ ಕಲಿಸಲಾಗಿತ್ತು. ರೇಡಿಯಂ ಸುಣ್ಣದ ಧಾತುವಾದ ಕ್ಯಾಲ್ಸಿಯಂನ ಗುಣವನ್ನೇ ಹೋಲುವುದರಿಂದ ಅವರ ಎಲುಬಿನಲ್ಲಿ ಸೇರಿತು. ದವಡೆ ಕೊಳೆಯಿತು, ಹಲವರು ತೀರಿಕೊಂಡರು. ಅಲ್ಲಿಯ ರಸಾಯನಜ್ಞರಾದರೋ ಸೀಸದ ಮರೆಯನ್ನೂ ಇಕ್ಕಳವನ್ನೂ ಬಳಸುತ್ತಿದ್ದರು. ಬಲ್ಲವರು ತಮ್ಮನ್ನು ಕಾಪಾಡಿಕೊಂಡು, ದುಡಿಯುವವರಿಗೆ ತಿಳಿಸದೆ ಹೋದರು. ಐವರು ಮಹಿಳೆಯರು ನ್ಯಾಯಾಲಯಕ್ಕೆ ಹೋಗಿ, ೧೯೨೮ರಲ್ಲಿ ರಾಜಿಯಿಂದ ಪರಿಹಾರ ಪಡೆದರು. ಮಾಡುವವನಿಗೆ ಅರಿವು ದೊರೆಯದಿದ್ದರೆ ಕಾಯಕವೇ ಕಾಯವನ್ನು ಕೊಲ್ಲುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅರಿವಿದ್ದೂ ಆಚಾರವಿಲ್ಲದಿದ್ದರೆ ಏನಾಗುವುದೆಂಬುದನ್ನು ೧೯೪೫ರಲ್ಲಿ ಹಿರೋಷಿಮಾ, ನಾಗಸಾಕಿಗಳು ಕಂಡುವು.

ಇದೇ ವಿಕಿರಣವು ಜೀವವನ್ನೂ ಉಳಿಸುವುದು. ಕೋಬಾಲ್ಟ್-೬೦ರ ಗಾಮಾ ಕಿರಣಗಳು ಅರ್ಬುದ ರೋಗದ ಗಡ್ಡೆಯನ್ನು ಸುಡುವುವು. ಇಲ್ಲಿ ತಮ್ಮಲ್ಲಿ ನನ್ನದೊಂದು ವಿಜ್ಞಾಪನೆ. ಯಂತ್ರದಿಂದ ಹೊರಗಿನಿಂದಲೇ ಇಂಥ ಕಿರಣಚಿಕಿತ್ಸೆ ಪಡೆದವರ ಮೈಯಲ್ಲಿ ವಿಕಿರಣವು ಉಳಿಯುವುದಿಲ್ಲ. ದೀಪವಾರಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆಯೇ ಇದು. ಅವರನ್ನು ಮುಟ್ಟಲು ಅಂಜುವುದು, ಮನೆಯಲ್ಲಿ ಅವರ ತಟ್ಟೆ ಲೋಟಗಳನ್ನು ಬೇರೆಯಿಡುವುದು, ಪ್ರಸಾದದ ಪಂಕ್ತಿಯಲ್ಲಿ ದೂರ ಕೂಡಿಸುವುದು ಅಜ್ಞಾನವು. ಥೈರಾಯ್ಡ್ ರೋಗಕ್ಕೆ ವಿಕಿರಣಶೀಲ ಅಯೊಡಿನ್ ಸೇವಿಸಿದವರು ಮಾತ್ರ ವೈದ್ಯರು ಹೇಳಿದಷ್ಟು ದಿನ ಎಚ್ಚರದಿಂದಿರಬೇಕು. ಅದರ ಅರ್ಧಾಯು ಎಂಟು ದಿನವಾದುದರಿಂದ ಆ ಎಚ್ಚರಕ್ಕೂ ಕೊನೆಯುಂಟು. ಪಂಕ್ತಿಭೇದವನ್ನು ಅಳಿಸಿದ ಶರಣರ ಮಕ್ಕಳು ನಾವು. ರೋಗಿಯ ಹೆಸರಿನಲ್ಲಿ ಹೊಸ ಭೇದವನ್ನು ಹುಟ್ಟಿಸಲಾಗದು.

ಪರಮಾಣುವು ಒಳ್ಳೆಯದೂ ಅಲ್ಲ, ಕೆಟ್ಟುದೂ ಅಲ್ಲ. ಅದು ತನ್ನ ನಿಯಮದಂತೆ ನಡೆಯುವುದು. ಒಳ್ಳೆಯದು ಕೆಟ್ಟುದು ಹುಟ್ಟುವುದು ಅದನ್ನು ಹಿಡಿದ ಕೈಯಲ್ಲಿ. ಅರಿವನ್ನು ಬಚ್ಚಿಡದೆ ಹಂಚುವುದೂ, ಅರಿತಂತೆ ನಡೆಯುವುದೂ ನಮ್ಮ ಪಾಲಿನ ಕರ್ತವ್ಯವು. ಶ್ರೀಮಠದ ಪಾಠಶಾಲೆಯ ಬಾಲಕ ಬಾಲಕಿಯರು ಈ ವಿದ್ಯೆಯನ್ನು ಕಲಿತು ಲೋಕಕ್ಕೆ ದಾಸೋಹ ಮಾಡುವಂತಾಗಲೆಂದು ಪೂಜ್ಯರ ಆಶೀರ್ವಾದವನ್ನು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.