ತಂತಿಗೆ ತೊಡಿಸುವ ಬಳೆ

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಕರೆಂಟಿನ ವಿಷಯ ಮಾತಾಡೋಣ. ಕರೆಂಟು ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲೇ ಕಾವೇರಿ ನದಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಯಿತು. ಅಲ್ಲಿಂದ ಕಂಬದ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಈಗ ನಮ್ಮ ಮನೆಯಲ್ಲೂ ದೀಪ ಇದೆ. ಮಿಕ್ಸಿ ಇದೆ. ಎಷ್ಟೋ ಸಂಘಗಳು ಹಿಟ್ಟಿನ ಗಿರಣಿ ನಡೆಸುತ್ತಿವೆ.

ಅಕ್ಕಿಯನ್ನು ನಾವು ಅಳೆದು ಕೊಳ್ಳುತ್ತೇವೆ. ಹಾಲನ್ನು ಅಳೆದು ಮಾರುತ್ತೇವೆ. ಅಳತೆ ಗೊತ್ತಿಲ್ಲದಿದ್ರೆ ಮೋಸ ಹೋಗ್ತೀವಿ. ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಮುಟ್ಟಿ ನೋಡುವ ಹಾಗೂ ಇಲ್ಲ. ಹಾಗಾದರೆ ಅದನ್ನು ಅಳೆಯುವುದು ಹೇಗೆ?

“ಅದೆಲ್ಲಾ ಗಂಡಸರ ಕೆಲಸ ಕಣಮ್ಮ” ಅಂತ ಕೆಲವರು ಹೇಳ್ತಾರೆ. ನಾವು ಒಪ್ಪುವುದಿಲ್ಲ. ಒದ್ದೆ ಕೈಯಲ್ಲಿ ಮಿಕ್ಸಿ ಹಾಕುವವರು ನಾವು. ನೀರು ಕಾಯಿಸುವವರು ನಾವು. ಗಿರಣಿಯ ಬಿಲ್ಲು ಕಟ್ಟುವುದು ನಮ್ಮ ಉಳಿತಾಯದ ದುಡ್ಡಿನಿಂದ. ಮೋಟಾರು ಸುಟ್ಟರೆ ನಷ್ಟವೂ ನಮಗೇ. ಆದ್ದರಿಂದ ತಿಳಿದುಕೊಳ್ಳೋಣ.

ಮೊದಲು ಕರೆಂಟಿನ ನಡೆ ನೋಡೋಣ. ಮಜ್ಜಿಗೆ ಕಡೆಯುವುದು ನಮಗೆಲ್ಲ ಗೊತ್ತು. ಹಗ್ಗವನ್ನು ಒಮ್ಮೆ ಈ ಕಡೆ ಎಳೆಯುತ್ತೇವೆ. ಒಮ್ಮೆ ಆ ಕಡೆ ಎಳೆಯುತ್ತೇವೆ. ಹಗ್ಗ ಎಲ್ಲಿಗೂ ಹೋಗುವುದಿಲ್ಲ. ಆದರೂ ಬೆಣ್ಣೆ ಬರುತ್ತದೆ, ಅಲ್ವೇ? ನಮ್ಮ ಮನೆಯ ಕರೆಂಟೂ ಹಾಗೆಯೇ. ತಂತಿಯಲ್ಲಿ ಅದು ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಒಂದು ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಇದಕ್ಕೆ ಎ.ಸಿ. ಕರೆಂಟು ಎನ್ನುತ್ತಾರೆ. ಟಾರ್ಚಿನ ಸೆಲ್ಲಿನ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ಅದು ಡಿ.ಸಿ. ಕರೆಂಟು.

ಕರೆಂಟು ಎಷ್ಟು ಹರಿಯುತ್ತಿದೆ? ಇದನ್ನು ಹೇಳುವ ಅಳತೆ ಆಂಪಿಯರ್. ಅದನ್ನು ತಳ್ಳುವ ಒತ್ತಡ ಎಷ್ಟು? ಇದನ್ನು ಹೇಳುವ ಅಳತೆ ವೋಲ್ಟ್. ಮನೆಗೆ ಬರುವುದು 230 ವೋಲ್ಟ್. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಆರೂವರೆ ಆಂಪಿಯರ್ ಎಳೆಯುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಎಳೆಯುವುದಿಲ್ಲ. ಕಾಯಿಲ್ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್ ಆಯಿತು. ಬಿಲ್ಲು ಏರುವುದು ಎಲ್ಲಿಂದ ಅಂತ ಈಗ ಗೊತ್ತಾಯಿತಲ್ಲ?

ಆಂಪಿಯರ್ ಅಳೆಯಲು ಒಂದು ದಾರಿ ಇದೆ. ತಂತಿಯನ್ನು ಕತ್ತರಿಸಬೇಕು. ನಡುವೆ ಮೀಟರು ಸೇರಿಸಬೇಕು. ಪ್ರತಿ ಸಲ ಹಾಗೆ ಮಾಡಲು ಆಗುತ್ತದೆಯೇ? ಅಪಾಯವೂ ಇದೆ. ಇನ್ನೊಂದು ದಾರಿ ಚೆನ್ನಾಗಿದೆ. ತಂತಿಯನ್ನು ಕತ್ತರಿಸುವುದೇ ಬೇಡ. ಅದಕ್ಕೊಂದು ಬಳೆ ತೊಡಿಸಿದರೆ ಸಾಕು!

ಈ ಬಳೆಯ ಹೆಸರು ಕರೆಂಟ್ ಟ್ರಾನ್ಸ್‌ಫಾರ್ಮರ್. ಕೆಲಸಗಾರರು ‘ಸಿ.ಟಿ.’ ಅಂತಾರೆ. ಇದರ ಹಿಂದೆ ಇಬ್ಬರು ವಿಜ್ಞಾನಿಗಳ ಶೋಧ ಇದೆ. 1820ರಲ್ಲಿ ಡೆನ್ಮಾರ್ಕ್ ದೇಶದ ಅರ್ಸ್ಟೆಡ್ ಒಂದು ಸಂಗತಿ ಕಂಡರು. ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗಿತು. ಅಂದರೆ ತಂತಿಯ ಸುತ್ತ ಅಯಸ್ಕಾಂತದ ಶಕ್ತಿ ಹುಟ್ಟುತ್ತದೆ. 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಇನ್ನೊಂದು ಸಂಗತಿ ಕಂಡರು. ಅಯಸ್ಕಾಂತದ ಶಕ್ತಿ ಬದಲಾಗುತ್ತಾ ಇದ್ದರೆ ಹತ್ತಿರದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ.

ಸಿ.ಟಿ. ಬಳೆ ಕಬ್ಬಿಣದ ಜಾತಿಯ ಲೋಹದ್ದು. ಅದರ ಮೇಲೆ ಸಣ್ಣ ತಾಮ್ರದ ತಂತಿ ಸುತ್ತಿರುತ್ತಾರೆ. 2000 ಸುತ್ತು ಇದೆ ಎನ್ನಿ. ಬಳೆಯ ನಡುವೆ ದೊಡ್ಡ ತಂತಿ ಹಾದು ಹೋಗುತ್ತದೆ. ಅದರ ಕರೆಂಟು ಹಿಂದೆ ಮುಂದೆ ಓಡಾಡುತ್ತದೆ. ಬಳೆಯಲ್ಲಿ ಅಯಸ್ಕಾಂತದ ಶಕ್ತಿಯೂ ಹಾಗೇ ಬದಲಾಗುತ್ತದೆ. ಸುರುಳಿಯಲ್ಲಿ ಪುಟ್ಟ ಕರೆಂಟು ಹುಟ್ಟುತ್ತದೆ. ಎಷ್ಟು ಪುಟ್ಟದು? 2000ದಲ್ಲಿ ಒಂದು ಪಾಲು.

ಲೆಕ್ಕ ಮಾಡೋಣ. ಒಂದು ಆಂಪಿಯರ್ ಅಂದರೆ 1000 ಮಿಲಿ ಆಂಪಿಯರ್. ದೊಡ್ಡ ತಂತಿಯಲ್ಲಿ 10 ಆಂಪಿಯರ್ ಇದೆ. ಅಂದರೆ 10,000 ಮಿಲಿ. ಅದನ್ನು 2000ದಿಂದ ಭಾಗಿಸಿ. 5 ಬಂತು. ಸುರುಳಿಯಲ್ಲಿ 5 ಮಿಲಿ ಆಂಪಿಯರ್ ಹರಿಯುತ್ತದೆ. ಮೀಟರು ಈ 5ನ್ನು ನೋಡಿ ‘10 ಆಂಪಿಯರ್’ ಎಂದು ತೋರಿಸುತ್ತದೆ. ಡಿ.ಸಿ. ತಂತಿಗೆ ಈ ಬಳೆ ತೊಡಿಸಿದರೆ ಏನೂ ತೋರಿಸುವುದಿಲ್ಲ. ಅಲ್ಲಿ ಹಿಂದೆ ಮುಂದೆ ಓಡಾಟ ಇಲ್ಲವಲ್ಲ.

ಕರೆಂಟ್ ಕೆಲಸದವರ ಕೈಯಲ್ಲಿ ಇಕ್ಕಳದಂಥ ಮೀಟರು ನೋಡಿದ್ದೀರಾ? ಅದು ಬಾಯಿ ತೆರೆಯುವ ಬಳೆ. ಅದಕ್ಕೆ ಟಾಂಗ್ ಟೆಸ್ಟರ್ ಅಂತಾರೆ. ಕ್ಲ್ಯಾಂಪ್ ಮೀಟರ್ ಅಂತಲೂ ಹೇಳ್ತಾರೆ. ಅದರ ಬಾಯಿ ಪೂರ್ತಿ ಮುಚ್ಚಬೇಕು. ಸಂದು ಉಳಿದರೆ ಅಳತೆ ತಪ್ಪುತ್ತದೆ.

ಸಂಘದ ಗಿರಣಿಗೆ ಇದರಿಂದ ಏನು ಉಪಯೋಗ? 10 ಎಚ್.ಪಿ. ತ್ರೀ ಫೇಸ್ ಮೋಟಾರು ಇದೆ ಎನ್ನಿ. ಪೂರ್ತಿ ಕೆಲಸದಲ್ಲಿ ಅದು ಸುಮಾರು 14 ಆಂಪಿಯರ್ ಎಳೆಯುತ್ತದೆ. ಸರಿಯಾದ ಅಂಕಿ ಮೋಟಾರಿನ ಮೇಲಿನ ಫಲಕದಲ್ಲೇ ಇರುತ್ತದೆ. ಈಗ ನಮಗೆ ಓದು ಬರುತ್ತದೆ. ಓದಿ, ಗೋಡೆ ಮೇಲೆ ಬರೆದಿಡೋಣ. ಕೆಲಸದವರು ಬಂದಾಗ ಮೂರೂ ತಂತಿಯನ್ನು ಒಂದೊಂದಾಗಿ ಅಳೆಯಲು ಹೇಳೋಣ. ಮೂರರಲ್ಲೂ ಹೆಚ್ಚು ಕಡಿಮೆ ಒಂದೇ ಅಂಕಿ ಬರಬೇಕು. ಒಂದರಲ್ಲಿ ಸೊನ್ನೆ ಬಂದು, ಉಳಿದೆರಡರಲ್ಲಿ ಏರಿದರೆ ಒಂದು ಫೇಸ್ ಹೋಗಿದೆ. ಕೂಡಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಮೋಟಾರು ಸುಟ್ಟು ಹೋಗುತ್ತದೆ. ಮೂರರಲ್ಲೂ ಫಲಕಕ್ಕಿಂತ ಹೆಚ್ಚು ಬಂದರೆ? ಮೋಟಾರಿಗೆ ಭಾರ ಹೆಚ್ಚಾಗಿರಬಹುದು. ಕಾಳು ಹೆಚ್ಚು ಬಿಡುತ್ತಿದ್ದೇವೆಯೇ? ಕಲ್ಲು ಬಿಗಿ ಆಗಿದೆಯೇ? ಬೆಲ್ಟು ಬಿಗಿ ಆಗಿದೆಯೇ? ನೋಡಿಸಬೇಕು.

ಈಗ ಒಂದು ವಿಚಿತ್ರ ಕೇಳಿ. ಮಿಕ್ಸಿಯ ವೈರಿನಲ್ಲಿ ಎರಡು ತಂತಿ ಮುಖ್ಯ. ಒಂದು ಫೇಸ್, ಒಂದು ನ್ಯೂಟ್ರಲ್. ಎರಡನ್ನೂ ಸೇರಿಸಿ ಒಂದೇ ಬಳೆ ತೊಡಿಸಿದರೆ ಸೊನ್ನೆ ಬರುತ್ತದೆ! ಮಿಕ್ಸಿ ಓಡುತ್ತಿದ್ದರೂ ಸೊನ್ನೆ. ಯಾಕೆ? ಒಂದರಲ್ಲಿ ಹೋದಷ್ಟೇ ಇನ್ನೊಂದರಲ್ಲಿ ವಾಪಸು ಬರುತ್ತದೆ. ಕೊಟ್ಟ ಕೈಗಡ ಪೂರ್ತಿ ತೀರಿದ ಹಾಗೆ. ಬಾಕಿ ಸೊನ್ನೆ.

ಬಾಕಿ ಉಳಿದರೆ? ಕರೆಂಟು ಬೇರೆಲ್ಲೋ ಸೋರುತ್ತಿದೆ. ಒದ್ದೆ ಗೋಡೆಯ ಮೂಲಕ ಸೋರಬಹುದು. ನಮ್ಮ ಮೈ ಮೂಲಕವೂ ಭೂಮಿಗೆ ಇಳಿಯಬಹುದು. ಈ ಬಾಕಿಯನ್ನು ಕಾಯುವ ಒಂದು ಸ್ವಿಚ್ಚಿದೆ. ಅದರ ಹೆಸರು ಆರ್‌ಸಿಸಿಬಿ. ಎಷ್ಟೋ ಜನ ಈಎಲ್‌ಸಿಬಿ ಅಂತಾರೆ. ಅದರ ಒಳಗೂ ಇರುವುದು ಇಂಥದೇ ಬಳೆ. ಮನೆಗೆ ಹಾಕಲು 30 ಮಿಲಿ ಆಂಪಿಯರಿನದು ತರಬೇಕು. ಅಷ್ಟು ಸೋರಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಫ್ಯೂಸು ಇಷ್ಟು ಸಣ್ಣದಕ್ಕೆ ಹೋಗುವುದಿಲ್ಲ. ಫ್ಯೂಸು ತಂತಿಯನ್ನು ಕಾಯುತ್ತದೆ. ಈ ಸ್ವಿಚ್ಚು ನಮ್ಮ ಜೀವ ಕಾಯುತ್ತದೆ.

ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಸ್ವಿಚ್ಚು ಬೀಳಬೇಕು. ಬೀಳದಿದ್ದರೆ ಬದಲಾಯಿಸಿ. ಆದರೆ ಇದು ಇದೆ ಅಂತ ಅರ್ಥಿಂಗ್ ಬಿಡಬೇಡಿ. ಎರಡೂ ತಂತಿಯನ್ನು ಒಟ್ಟಿಗೆ ಮುಟ್ಟಿದರೆ ಇದಕ್ಕೆ ಗೊತ್ತಾಗದೇ ಹೋಗಬಹುದು.

ಕೊನೆಗೆ ಎಚ್ಚರದ ಮಾತು. ಕರೆಂಟು ಅಳೆಯುವುದು ಕಲಿತವರ ಕೆಲಸ. ಪೆಟ್ಟಿಗೆ ತೆರೆದು ನಾವೇ ಕೈ ಹಾಕಬಾರದು. ದೊಡ್ಡ ಮೀಟರಿನ ಪೆಟ್ಟಿಗೆಯಲ್ಲೂ ಸಿ.ಟಿ. ಬಳೆ ಇರುತ್ತದೆ. ಅದರ ಸುರುಳಿಯ ತುದಿ ಬಿಚ್ಚಿದರೆ ಅಲ್ಲಿ ವೋಲ್ಟ್ ಬಹಳ ಏರುತ್ತದೆ. ಜೀವಕ್ಕೇ ಅಪಾಯ. ಸೀಲು ಮುಟ್ಟಬೇಡಿ. ಆದರೆ ಕೆಲಸದವರ ಪಕ್ಕ ನಿಂತು ಕೇಳಿ: “ಅಣ್ಣಾ, ಎಷ್ಟು ಆಂಪಿಯರ್ ಬಂತು?” ಕೇಳಿ ಬರೆದುಕೊಳ್ಳಿ. ಮುಂದಿನ ಸಲದ ಅಂಕಿಗೆ ಹೋಲಿಸಿ ನೋಡಿ.

ಮನೆಗೆ ಹೋಗಿ ಈ ಲೆಕ್ಕ ಮಾಡಿ. ಬಳೆಗೆ 2000 ಸುತ್ತು ಇದೆ. ಸುರುಳಿಯಲ್ಲಿ 7 ಮಿಲಿ ಆಂಪಿಯರ್ ಹರಿಯುತ್ತಿದೆ. ಗಿರಣಿಯ ತಂತಿಯಲ್ಲಿ ಎಷ್ಟು ಆಂಪಿಯರ್ ಇದೆ? ಮೋಟಾರಿನ ಫಲಕದಲ್ಲಿ 14 ಎಂದು ಇದ್ದರೆ, ಗಿರಣಿ ನಡೆಸಬಹುದೇ, ನಿಲ್ಲಿಸಬೇಕೇ? ಮುಂದಿನ ಸಭೆಯಲ್ಲಿ ಎಲ್ಲರೂ ಸೇರಿ ಮಾತಾಡೋಣ.