ಖುದಿರಾಮ ಬೋಸ್: ಮುಜಫರ್‌ಪುರದ ಆ ರಾತ್ರಿ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಈಗ ಅಪರೂಪವಾಗುತ್ತಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೊಮ್ಮೆ ಮಲಗಿಸಿ ಎತ್ತಿಕೊಂಡು ಹೀಗೆ ಹೆಸರಿಡುತ್ತಿದ್ದರು. ಬೆಲೆಯಿಲ್ಲದ ವಸ್ತುವಿನ ಮೇಲೆ ಜವರಾಯನ ಕಣ್ಣು ಬೀಳದೆಂಬ ನಂಬಿಕೆ. ಬಂಗಾಳದಲ್ಲೂ ಇಂಥದೊಂದು ಪದ್ಧತಿ ಇತ್ತು. ಅಲ್ಲಿ ಕೂಸನ್ನು ಮಾರಿಬಿಡುತ್ತಿದ್ದರು. ಮೇದಿನೀಪುರ ಜಿಲ್ಲೆಯ ತ್ರೈಲೋಕ್ಯನಾಥ ಬಸು ಮತ್ತು ಲಕ್ಷ್ಮೀಪ್ರಿಯಾ ದಂಪತಿಗೆ ಎರಡು ಗಂಡುಮಕ್ಕಳು ಹುಟ್ಟಿ ತೀರಿಕೊಂಡಿದ್ದವು. 1889ರ ಡಿಸೆಂಬರ್ 3ರಂದು ಹುಟ್ಟಿದ ಮಗನನ್ನು ಅವನ ಹಿರಿಯಕ್ಕ ಅಪರೂಪಾ ಮೂರು ಹಿಡಿ ನುಚ್ಚಕ್ಕಿ ಕೊಟ್ಟು ಕೊಂಡುಕೊಂಡಳು. ಬಂಗಾಳಿಯಲ್ಲಿ ನುಚ್ಚಿಗೆ ಖುದ್ ಎನ್ನುತ್ತಾರೆ. ಹುಡುಗ ಖುದಿರಾಮನಾದ.

ಜವರಾಯ ಸದ್ಯಕ್ಕೇನೋ ಮೋಸಹೋದ. ಆದರೆ ಹುಡುಗನಿಗೆ ಆರೇಳು ವರ್ಷವಾಗುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಹೋದರು. ಕೊಂಡ ಅಕ್ಕನೇ ಸಾಕಿದಳು. ತಮ್ಲುಕ್‌ನಲ್ಲಿ, ಆಮೇಲೆ ಮೇದಿನೀಪುರದಲ್ಲಿ ಶಾಲೆ. ಓದಿನಲ್ಲಿ ಅಂಥ ಆಸಕ್ತಿ ಇರಲಿಲ್ಲ. 1905ರ ಅಕ್ಟೋಬರ್ 16ರಂದು ಬಂಗಾಳದ ವಿಭಜನೆ ಜಾರಿಗೆ ಬಂದಾಗ ಅವನಿಗಿನ್ನೂ ಹದಿನಾರು ತುಂಬಿರಲಿಲ್ಲ. ಮೇದಿನೀಪುರದ ಗುಪ್ತ ಸಮಿತಿಯಲ್ಲಿ ಸತ್ಯೇಂದ್ರನಾಥ ಬೋಸರ ಗರಡಿಗೆ ಬಿದ್ದ. 1906ರಲ್ಲಿ ಊರಿನ ಕೃಷಿ ವಸ್ತುಪ್ರದರ್ಶನದಲ್ಲಿ ರಾಜದ್ರೋಹದ ಕರಪತ್ರ ಹಂಚುವಾಗ ಪೊಲೀಸಿನವನೊಬ್ಬ ಹಿಡಿದುಕೊಂಡ. ಹುಡುಗ ಅವನಿಗೊಂದು ಗುದ್ದು ಕೊಟ್ಟು ಓಡಿದ. ಮುಂದೆ ಮೊಕದ್ದಮೆಯೇನೋ ಆಯಿತು, ಎಳೆಯ ವಯಸ್ಸೆಂದು ಸರ್ಕಾರ ಅದನ್ನು ಕೈಬಿಟ್ಟಿತು. ಎರಡು ವರ್ಷಗಳ ಅನಂತರ ವಯಸ್ಸಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಈಗ ಕಿಂಗ್ಸ್‌ಫರ್ಡ್‌ನ ವಿಷಯ ಹೇಳಬೇಕು. ಈತ ಕಲ್ಕತ್ತೆಯ ಮುಖ್ಯ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್. ಸ್ವದೇಶಿ ಪತ್ರಿಕೆಗಳ ಸಂಪಾದಕರನ್ನು ಒಬ್ಬರಾದ ಮೇಲೊಬ್ಬರಂತೆ ಜೈಲಿಗೆ ಕಳಿಸಿದವನು. 1907ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಹೊರಗೆ ನಡೆದ ಗಲಾಟೆಯಲ್ಲಿ ಪೊಲೀಸ್ ಅಧಿಕಾರಿಯ ಮೇಲೆ ಕೈಮಾಡಿದ್ದಕ್ಕಾಗಿ ಸುಶೀಲ್ ಸೇನ್ ಎಂಬ ಹದಿನೈದರ ಹುಡುಗನಿಗೆ ಹದಿನೈದು ಛಡಿಯೇಟಿನ ಶಿಕ್ಷೆ ಕೊಟ್ಟ. ಆ ಏಟು ಬಿದ್ದದ್ದು ಒಬ್ಬನ ಬೆನ್ನಿಗೆ, ಬರೆ ಎದ್ದದ್ದು ಬಂಗಾಳದ ತರುಣರೆಲ್ಲರ ಮನಸ್ಸಿಗೆ. ಗುಪ್ತ ಸಮಿತಿ ಅವನನ್ನು ಕೊಲ್ಲಲು ನಿರ್ಧರಿಸಿತು. ಪ್ಯಾರಿಸ್ಸಿಗೆ ಹೋಗಿ ಬಾಂಬು ತಯಾರಿಕೆ ಕಲಿತು ಬಂದಿದ್ದ ಹೇಮಚಂದ್ರ ಕಾನೂನ್‌ಗೋ, ದಪ್ಪ ಕಾನೂನು ಪುಸ್ತಕವೊಂದರ ಹಾಳೆಗಳನ್ನು ಕೊರೆದು ಅದರೊಳಗೆ ಬಾಂಬಿಟ್ಟು ಕಳಿಸಿದರು. ತಾನು ಯಾರಿಗೋ ಎರವಲು ಕೊಟ್ಟ ಪುಸ್ತಕ ವಾಪಸು ಬಂದಿದೆಯೆಂದು ಸಾಹೇಬ ಅದನ್ನು ಬಿಚ್ಚದೆ ಕಪಾಟಿನಲ್ಲಿಟ್ಟ! ಅಷ್ಟರಲ್ಲಿ ಅವನಿಗೆ ಮುಜಫರ್‌ಪುರಕ್ಕೆ ಜಿಲ್ಲಾ ನ್ಯಾಯಾಧೀಶನಾಗಿ ವರ್ಗವಾಯಿತು. ಅಲ್ಲಿಗೆ ಇಬ್ಬರು ಹುಡುಗರು ಹೊರಟರು. ಒಬ್ಬ ಖುದಿರಾಮ, ಇನ್ನೊಬ್ಬ ಅವನಿಗಿಂತ ಒಂದು ವರ್ಷ ದೊಡ್ಡವನಾದ ಪ್ರಫುಲ್ಲ ಚಾಕಿ. ಪ್ರಫುಲ್ಲನ ನಿಜ ಹೆಸರು ಖುದಿರಾಮನಿಗೂ ತಿಳಿದಿರಲಿಲ್ಲ. ದಿನೇಶ್ ಎಂದೇ ಪರಿಚಯ.

ಮುಜಫರ್‌ಪುರ ಇಂದಿನ ಬಿಹಾರದಲ್ಲಿದೆ. ಇಬ್ಬರೂ ಅಲ್ಲಿನ ಧರ್ಮಶಾಲೆಯಲ್ಲಿ ಇಳಿದುಕೊಂಡು, ಕಿಂಗ್ಸ್‌ಫರ್ಡ್ ಎಷ್ಟು ಹೊತ್ತಿಗೆ ಎಲ್ಲಿಗೆ ಹೋಗುತ್ತಾನೆ, ಅವನ ಕುದುರೆಗಾಡಿ ಹೇಗಿದೆ ಎಂದು ದಿನಗಟ್ಟಲೆ ನೋಡಿದರು. 1908ರ ಏಪ್ರಿಲ್ 30ರ ಸಂಜೆ ಕಿಂಗ್ಸ್‌ಫರ್ಡ್ ಮತ್ತು ಅವನ ಹೆಂಡತಿ ಯುರೋಪಿಯನ್ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಿದ್ದರು. ಜೊತೆಗೆ ಆಡುತ್ತಿದ್ದವರು ಊರಿನ ವಕೀಲ ಪ್ರಿಂಗಲ್ ಕೆನಡಿಯ ಹೆಂಡತಿ ಮತ್ತು ಮಗಳು. ರಾತ್ರಿ ಎಂಟೂವರೆಯ ಹೊತ್ತಿಗೆ ಆಟ ಮುಗಿಯಿತು. ಮುಂದಾಗಿ ಹೊರಟದ್ದು ಕೆನಡಿಯವರ ಗಾಡಿ. ಅದೂ ಕಿಂಗ್ಸ್‌ಫರ್ಡ್‌ನ ಗಾಡಿಯಂತೆಯೇ ಇತ್ತು. ಕತ್ತಲಲ್ಲಿ ಬಾಂಬು ಬಿತ್ತು. ಮಗಳು ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡಳು, ತಾಯಿ ಎರಡು ದಿನಗಳ ಮೇಲೆ. ಗಾಡಿಯ ಆಳಿಗೂ ಗಾಯವಾಯಿತು. ಹಿಂದಿನ ಗಾಡಿಯಲ್ಲಿದ್ದ ಕಿಂಗ್ಸ್‌ಫರ್ಡ್‌ನ ಕೂದಲೂ ಕೊಂಕಲಿಲ್ಲ.

ನಮ್ಮ ಭಾಷಣಗಳು ಸಾಮಾನ್ಯವಾಗಿ ಈ ಜಾಗದಲ್ಲಿ ಓಟ ಕೀಳುತ್ತವೆ. ಬಾಂಬು ಬಿತ್ತು, ಹುಡುಗ ಸಿಕ್ಕಿಬಿದ್ದ, ನಗುತ್ತ ಗಲ್ಲಿಗೇರಿದ ಎಂದು ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ಪಡೆಯುತ್ತೇವೆ. ಆ ಇಬ್ಬರು ಹೆಂಗಸರು ಯಾರ ಮೇಲೂ ಛಡಿ ಬೀಸಿದವರಲ್ಲ. ಅವರ ಹೆಸರೆತ್ತಿದರೆ ಹುಡುಗನ ತ್ಯಾಗಕ್ಕೆ ಕುಂದು ಬಂದೀತೆಂಬ ಹೆದರಿಕೆ ನಮಗೆ. ಇನ್ನೊಂದು ಕಡೆ, ಆ ಸಾವುಗಳನ್ನೇ ಹಿಡಿದು ಅವನನ್ನು ಬರೀ ಕೊಲೆಗಾರ ಎನ್ನುವವರೂ ಇದ್ದಾರೆ. ಹದಿನೈದರ ಬಾಲಕನ ಬೆನ್ನಿನ ಮೇಲೆ ಎದ್ದ ಬರೆಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಈ ಎರಡೂ ಒಪ್ಪಿಗೆಯಿಲ್ಲ. ಖುದಿರಾಮನ ಧೈರ್ಯವೂ ನಿಜ, ಗಾಡಿಯಲ್ಲಿದ್ದವರ ಸಾವೂ ನಿಜ. ಒಂದನ್ನು ಹೇಳುವುದಕ್ಕಾಗಿ ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಹುಡುಗರು ಬೇರೆ ಬೇರೆ ದಿಕ್ಕು ಹಿಡಿದರು. ಖುದಿರಾಮ ರಾತ್ರಿಯೆಲ್ಲ ನಡೆದ, ಸುಮಾರು 25 ಮೈಲಿ. ಬೆಳಿಗ್ಗೆ ವೈನಿ ಎಂಬ ಸಣ್ಣ ರೈಲು ನಿಲ್ದಾಣದ ಬಳಿ ಅಂಗಡಿಯೊಂದರಲ್ಲಿ ನೀರು ಕೇಳುವಾಗ ಇಬ್ಬರು ಕಾನ್‌ಸ್ಟೇಬಲ್‌ಗಳ ಕಣ್ಣಿಗೆ ಬಿದ್ದ. ಧೂಳು ತುಂಬಿದ ಕಾಲು, ಬಸವಳಿದ ಮುಖ. ಅನುಮಾನ ಬಂದು ಹಿಡಿದಾಗ ನಡೆದ ಎಳೆದಾಟದಲ್ಲಿ ರಿವಾಲ್ವರ್ ಕೆಳಗೆ ಬಿತ್ತು. ಪ್ರಫುಲ್ಲ ರೈಲು ಹತ್ತಿದ್ದ. ಅದೇ ಡಬ್ಬಿಯಲ್ಲಿ ನಂದಲಾಲ್ ಬ್ಯಾನರ್ಜಿ ಎಂಬ ಸಬ್ ಇನ್‌ಸ್ಪೆಕ್ಟರ್ ಇದ್ದ. ಮೊಕಾಮಾ ನಿಲ್ದಾಣದಲ್ಲಿ ಸುತ್ತುಗಟ್ಟಿದಾಗ ಪ್ರಫುಲ್ಲ ತನಗೆ ತಾನೇ ಗುಂಡು ಹಾರಿಸಿಕೊಂಡ. ಗುರುತು ಹಿಡಿಯಲೆಂದು ಅವನ ತಲೆಯನ್ನು ಕತ್ತರಿಸಿ ಕಲ್ಕತ್ತೆಗೆ ಸಾಗಿಸಿದರು. ನಾಗರಿಕ ಸರ್ಕಾರವೆಂದು ಕರೆದುಕೊಂಡವರು ಮಾಡಿದ ಕೆಲಸ ಇದು. ನಂದಲಾಲನನ್ನು ಅದೇ ನವೆಂಬರ್‌ನಲ್ಲಿ ಕ್ರಾಂತಿಕಾರಿಗಳು ಕಲ್ಕತ್ತೆಯಲ್ಲಿ ಕೊಂದರು.

ಮ್ಯಾಜಿಸ್ಟ್ರೇಟರ ಮುಂದೆ ಖುದಿರಾಮ, ಬಾಂಬು ಎಸೆದವನು ತಾನೇ ಎಂದು ಹೇಳಿಕೆ ಕೊಟ್ಟ. ಕಾಳಿದಾಸ ಬಸು ಮೊದಲಾದ ವಕೀಲರು ಶುಲ್ಕವಿಲ್ಲದೆ ಅವನ ಪರ ನಿಂತರು. ಜೂನ್ 13ರಂದು ಮರಣದಂಡನೆಯ ತೀರ್ಪು ಬಂತು. ಜುಲೈನಲ್ಲಿ ಹೈಕೋರ್ಟು ಅದನ್ನೇ ಕಾಯಂ ಮಾಡಿತು. ಆಗಸ್ಟ್ 11ರ ಬೆಳಿಗ್ಗೆ ಮುಜಫರ್‌ಪುರ ಜೈಲಿನಲ್ಲಿ ಗಲ್ಲು. ಅವನ ವಯಸ್ಸು 18 ವರ್ಷ, 8 ತಿಂಗಳು, 8 ದಿನ.

ಈ ಬಾಂಬಿನ ಸದ್ದು ನಮ್ಮ ಕಡೆಗೂ ಕೇಳಿಸಿತು. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ತಿಲಕರ 'ಕೇಸರಿ' ಅಲ್ಲಿ ಮನೆಮಾತು. ತಿಲಕರು ಬಾಂಬನ್ನು ಹೊಗಳಲಿಲ್ಲ. ಆದರೆ ಹುಡುಗರ ಕೈಗೆ ಬಾಂಬು ಬರುವಂತೆ ಮಾಡಿದ್ದು ಸರ್ಕಾರದ ದಬ್ಬಾಳಿಕೆಯೇ ಎಂದು ಬರೆದರು. ಮೇ 12 ಮತ್ತು ಜೂನ್ 9ರ ಲೇಖನಗಳಿಗಾಗಿ ರಾಜದ್ರೋಹದ ಆರೋಪ ಹೊರಿಸಿ ಜುಲೈ 22ರಂದು ಆರು ವರ್ಷ ಶಿಕ್ಷೆ ಕೊಟ್ಟರು. ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಮುಷ್ಕರ ಹೂಡಿದರು. ಮಂಡಾಲೆಯ ಸೆರೆಯಲ್ಲಿ ತಿಲಕರು ಬರೆದ 'ಗೀತಾರಹಸ್ಯ'ವನ್ನು ಆಲೂರ ವೆಂಕಟರಾಯರು ಮುಂದೆ ಕನ್ನಡಕ್ಕೆ ತಂದರು. ಸ್ಫೋಟಕಗಳಿಗೊಂದು, ಪತ್ರಿಕೆಗಳಿಗೊಂದು ಹೀಗೆ ಸರ್ಕಾರ ಒಂದೇ ದಿನ, 1908ರ ಜೂನ್ 8ರಂದು, ಎರಡು ಹೊಸ ಕಾನೂನು ಮಾಡಿತು. ಬಾಂಬಿನಷ್ಟೇ ಅಚ್ಚುಮೊಳೆಗೂ ಅದು ಹೆದರಿತ್ತೆನ್ನಬೇಕು. ಮೈಸೂರು ಸಂಸ್ಥಾನದಲ್ಲೂ ಅದೇ ವರ್ಷ ಪತ್ರಿಕೆಗಳನ್ನು ಹದ್ದಿನಲ್ಲಿಡುವ ಕಾಯಿದೆ ಬಂತು.

ಬಂಗಾಳದ ಜನ ಮಾತ್ರ ಖುದಿರಾಮನನ್ನು ಹಾಡಿನಲ್ಲಿ ಇಟ್ಟುಕೊಂಡರು. ಬಾಂಕುಡಾದ ಪೀತಾಂಬರ ದಾಸ್ ಎಂಬವರು ಕಟ್ಟಿದರೆನ್ನಲಾದ ಆ ಹಾಡು ಇಂದಿಗೂ ಕೇಳಿಬರುತ್ತದೆ. ಅದರಲ್ಲಿ ಅವನು ತಾಯಿಯ ಅಪ್ಪಣೆ ಬೇಡುತ್ತಾನೆ, ಚಿಕ್ಕಮ್ಮನ ಮನೆಯಲ್ಲಿ ಮತ್ತೆ ಹುಟ್ಟಿ ಬರುತ್ತೇನೆ ಎನ್ನುತ್ತಾನೆ. ಹೆತ್ತ ತಾಯಿ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಹಾಡಿನ ತಾಯಿ ದೇಶಮಾತೆಯೂ ಇರಬಹುದು. ಒಂದು ಸಾಲಿನಲ್ಲಿ ಮಾತ್ರ ಕಥೆಯೇ ಬದಲಾಗಿದೆ. ಅಲ್ಲಿ ಅವನ ಗುರಿ ಜಿಲ್ಲಾ ನ್ಯಾಯಾಧೀಶನಲ್ಲ, ಸಾಕ್ಷಾತ್ ವೈಸ್‌ರಾಯ್. ಸತ್ತದ್ದು ಯಾರೋ ಒಬ್ಬ ಇಂಗ್ಲೆಂಡಿನವನು. ಗಾಡಿಯಲ್ಲಿದ್ದ ತಾಯಿ ಮಗಳು ಆ ಹಾಡಿನಲ್ಲಿ ಇಲ್ಲ.