ಹರೆಯದ ಮಕ್ಕಳ ಮನೋವ್ಯಾಧಿ ಹಾಗೂ ಮನೆಯವರ ಹೊಣೆ

(ಉಪನ್ಯಾಸದ ಪಾಠ)



ಮುಲುಂಡಿನಲ್ಲೋ ಡೊಂಬಿವಿಲಿಯಲ್ಲೋ ಇರುವ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹದಿನಾರು ವರ್ಷದ ಹುಡುಗ. ಎಂಟನೆಯ ವರ್ಷದಲ್ಲಿ ಉಪನಯನವಾದಂದಿನಿಂದ ಹತ್ತನೆಯ ತರಗತಿಯವರೆಗೂ ಸಂಧ್ಯಾವಂದನೆ ತಪ್ಪಿಸಿದವನಲ್ಲ. ಹನ್ನೊಂದನೆಯ ತರಗತಿಯ ಮಳೆಗಾಲದಲ್ಲಿ ಅವನು ಹಾಸಿಗೆ ಬಿಟ್ಟು ಏಳಲೊಲ್ಲ, ಎಲೆಯ ಮುಂದೆ ಕುಳಿತು ಹಾಗೆಯೇ ಎದ್ದುಹೋಗುತ್ತಾನೆ, ಮಾತನಾಡಿಸಿದರೆ ಸಿಡುಕುತ್ತಾನೆ. ತಂದೆ ಸೋಮಾರಿತನವೆಂದರು. ತಾಯಿ ಜಾತಕ ತೋರಿಸಿ ಬಂದರು. ದೀಪಾವಳಿ ಕಳೆದ ಮೇಲೆ ಎಲ್ಲವೂ ತಿರುವುಮುರುವು. ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು, ಆದರೂ ಆಯಾಸವಿಲ್ಲ. ತಡೆಯಿಲ್ಲದ ಮಾತು. ತಂದೆಯ ಕಾರ್ಡಿನಿಂದ ಮೂವತ್ತು ಸಾವಿರ ರೂಪಾಯಿಯ ಸಾಮಾನು. ಇಡೀ ಭಾಗವತವನ್ನು ಹದಿನೈದೇ ದಿನಗಳಲ್ಲಿ ಇಂಗ್ಲಿಷಿಗೆ ತರುವೆನೆಂಬ ಪ್ರತಿಜ್ಞೆ. ರಾಯರ ಅನುಗ್ರಹದಿಂದ ಹುಡುಗ ಚೇತರಿಸಿಕೊಂಡನೆಂದು ಮನೆಯವರು ಸಂತೋಷಪಟ್ಟರು.

ಮನೆಯವರು ಎಡವುವುದು ಇಲ್ಲಿಯೇ. ಕುಗ್ಗಿದಾಗ ಕಾಯಿಲೆಯೆಂದು ತೋರುವುದಿಲ್ಲ, ಉಬ್ಬಿದಾಗ ಗುಣವಾಯಿತೆಂದು ತೋರುತ್ತದೆ. ಈ ಎರಡು ತುದಿಗಳ ನಡುವೆ ಮನಸ್ಸು ತೂಗಾಡುವ ವ್ಯಾಧಿಯನ್ನು ವೈದ್ಯರು ಬೈಪೋಲಾರ್ ಎಂದು ಕರೆಯುತ್ತಾರೆ. ಬಹಳ ಮಂದಿಯಲ್ಲಿ ಅದು ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಓದಿನ ಒತ್ತಡವೂ ಹರೆಯದ ಹಟವೂ ಸೇರಿ ಎಲ್ಲಕ್ಕೂ ಸುಲಭವಾದ ಕಾರಣ ಸಿಗುವ ವಯಸ್ಸಿನಲ್ಲಿಯೇ. ಹರೆಯದವರಲ್ಲಿ ಖಿನ್ನತೆಯು ದುಃಖವಾಗಿ ಕಾಣದೆ ಸಿಡುಕಾಗಿಯೂ ಕಾಣುವುದುಂಟು. ಒಂದು ದಿನದ ಮುನಿಸು ವ್ಯಾಧಿಯಲ್ಲ. ಕುಗ್ಗು ಎರಡು ವಾರ ಬಿಡದೆ ಇದ್ದರೆ, ನಿದ್ರೆಯೇ ಬೇಡವೆನ್ನುವ ಉಬ್ಬು ನಾಲ್ಕಾರು ದಿನ ಎಡೆಬಿಡದೆ ನಡೆದರೆ, ಮನೋವೈದ್ಯರನ್ನು ಕಾಣಲು ತಡಮಾಡಬಾರದು. ಥೈರಾಯ್ಡಿನ ದೋಷವೋ ಮಾದಕ ವಸ್ತುವೋ ಇದೇ ವೇಷ ಹಾಕಬಹುದಾದ್ದರಿಂದ ವ್ಯಾಧಿಯ ಹೆಸರನ್ನು ನಿರ್ಣಯಿಸುವುದು ವೈದ್ಯರ ಕೆಲಸ. ತಾಯಿಯಾದವಳು ಒಂದು ನೋಟ್‌ಪುಸ್ತಕದಲ್ಲಿ ಮಗ ಮಲಗಿದ, ಎದ್ದ ವೇಳೆಯನ್ನು ದಿನವೂ ಬರೆದಿಟ್ಟರೆ ಅವರಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ.

ಈ ವ್ಯಾಧಿ ವಂಶದಲ್ಲಿ ಇಳಿದುಬರುವ ಪ್ರವೃತ್ತಿಯುಳ್ಳದ್ದು. ಆದುದರಿಂದಲೇ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ, 'ಮನೆತನದಲ್ಲಿ ಯಾರಿಗಾದರೂ ಇತ್ತೇ?' ಎಂಬುದೂ ಒಂದು. ಇಲ್ಲಿ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಪಂಕ್ತಿಯಲ್ಲಿ ಬಡಿಸುತ್ತಿರುವಾಗಲೇ ಸಂಬಂಧ ಕುದುರುವ ಸಮಾಜ. ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯನ್ನು ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ಮುಚ್ಚಿಟ್ಟದ್ದರ ಬೆಲೆ ಕೊಡುವವನು ಹುಡುಗ. ಕುಗ್ಗನ್ನು ಮಾತ್ರ ಕಂಡ ವೈದ್ಯರು ಖಿನ್ನತೆಯ ಔಷಧಿಯೊಂದನ್ನೇ ಕೊಟ್ಟರೆ, ಈ ವ್ಯಾಧಿಯುಳ್ಳ ಕೆಲವರಲ್ಲಿ ಅದು ಉನ್ಮಾದವನ್ನು ಕೆರಳಿಸೀತು. ವೈದ್ಯರೆದುರು ಆಡಿದ ಮಾತು ಮಠದ ಅಂಗಳಕ್ಕೆ ಬರಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯ ವಿಷಯವನ್ನು ಗುಪ್ತವಾಗಿಡುವುದನ್ನು ಅವನ ಹಕ್ಕೆಂದೇ ಹೇಳಿದೆ.

ಇನ್ನು ಮಾಧ್ವರ ಮನೆಗಳಲ್ಲಿ ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. ಬೈಪೋಲಾರ್ ವ್ಯಾಧಿಗೆ ಬಹುಕಾಲದಿಂದ ಕೊಡುತ್ತಿರುವ ಔಷಧಿಗಳಲ್ಲಿ ಲಿಥಿಯಂ ಮುಖ್ಯವಾದುದು. ಉನ್ಮಾದದಲ್ಲಿ ಅದರ ಗುಣವನ್ನು 1949ರಲ್ಲಿ ಲೋಕದ ಗಮನಕ್ಕೆ ತಂದವರು ಆಸ್ಟ್ರೇಲಿಯದ ಜಾನ್ ಕೇಡ್. ಅದೊಂದು ಲವಣ. ಉಪಕಾರ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ಆದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡ ಮತ್ತು ಥೈರಾಯ್ಡುಗಳನ್ನೂ ನೋಡುತ್ತಿರಬೇಕಾಗುತ್ತದೆ. ದೇಹದಲ್ಲಿ ನೀರೂ ಉಪ್ಪೂ ತಗ್ಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಅಂದಮೇಲೆ ಅದನ್ನು ಸೇವಿಸುತ್ತಿರುವ ಹುಡುಗ ಚೆನ್ನೈಯ ವೈಶಾಖದ ಬಿಸಿಲಿನಲ್ಲಿ ನಿರ್ಜಲ ಏಕಾದಶಿ ಮಾಡಿದರೆ ಏನಾದೀತು? ಕೈನಡುಕ, ವಾಂತಿ, ಭೇದಿ, ತೊದಲು ಮಾತು, ಮಂಪರು ಕಂಡರೆ ದ್ವಾದಶಿಯ ಪಾರಣೆಯವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸದ ದಿನವೆಂದು ಮನೆಯವರೇ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯ.

ಜಾಗರಣೆಯ ವಿಷಯವೂ ಹೀಗೆಯೇ. ನಿದ್ರೆಗೆಟ್ಟ ಒಂದು ರಾತ್ರಿಯೂ ಕೆಲವರಲ್ಲಿ ಉನ್ಮಾದಕ್ಕೆ ಬಾಗಿಲು ತೆರೆಯಬಲ್ಲದು. ವೈಕುಂಠ ಏಕಾದಶಿಯ ರಾತ್ರಿಯ ಭಜನೆಯೂ, ಪರೀಕ್ಷೆಯ ಹಿಂದಿನ ರಾತ್ರಿಯ ಓದೂ ಶರೀರದ ಲೆಕ್ಕದಲ್ಲಿ ಒಂದೇ. ಅಶಕ್ತರೂ ರೋಗಿಗಳೂ ಹಾಲುಹಣ್ಣು ಸ್ವೀಕರಿಸುವ ರೂಢಿ ಮನೆಗಳಲ್ಲಿ ಇದ್ದೇ ಇದೆ. ಜ್ವರ ಬಂದ ಮಗುವಿಗೆ ಸಲ್ಲುವ ಆ ರಿಯಾಯಿತಿ ಮನಸ್ಸು ಕೆಟ್ಟ ಮಗುವಿಗೇಕೆ ಸಲ್ಲಬಾರದು? ಔಷಧಿಯ ಹೆಸರನ್ನು ಹೇಳಿ ಮಠದ ವಿದ್ವಾಂಸರನ್ನು ಕೇಳಬೇಕು; ಏಕಾದಶಿಯ ಸಂಗತಿಯನ್ನು ವೈದ್ಯರಿಗೂ ತಿಳಿಸಬೇಕು, ಏಕೆಂದರೆ ಊರಿನ ವೈದ್ಯರಿಗೆ ತಿಂಗಳಿಗೆ ಎರಡು ಬಾರಿ ನೀರನ್ನೂ ಬಿಡುವವರಿದ್ದಾರೆಂಬುದು ಹೊಳೆಯದಿರಬಹುದು. ಮೃತ್ತಿಕೆ, ಮಂತ್ರಾಕ್ಷತೆ, ಸೇವೆ ಯಾವುದನ್ನೂ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಅವು ಮಾತ್ರೆಯ ಜೊತೆಗೆ ಇರಲಿ, ಅದರ ಜಾಗದಲ್ಲಿ ಬೇಡ.

'ಬದುಕಿದ್ದೇನು ಪ್ರಯೋಜನ' ಎಂದು ಮಗು ಒಮ್ಮೆ ಅಂದರೂ ಅದನ್ನು ಬೆದರಿಕೆಯೆಂದು ಗದರಬಾರದು. 'ಸಾಯುವ ಯೋಚನೆ ಬರುತ್ತಿದೆಯೇನಪ್ಪಾ?' ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮಾತ್ರೆಗಳೆಲ್ಲ ಹಿರಿಯರ ಬೀಗದಲ್ಲಿರಬೇಕು. ಲಿಥಿಯಂ ಒಟ್ಟಿಗೆ ಹೆಚ್ಚು ನುಂಗಿದರೆ ಪ್ರಾಣಕ್ಕೆ ಕುತ್ತು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲೂ ರಾತ್ರಿಯೂ ಉಚಿತವಾಗಿ ಕರೆಮಾಡಬಹುದು. ಹಲವು ಭಾಷೆಗಳುಂಟು: ತಾಯಿ ಕನ್ನಡದಲ್ಲಿ, ಕನ್ನಡ ತೊದಲುವ ಮಗ ಹಿಂದಿಯಲ್ಲಿ.

ಆ ಹುಡುಗನ ಮನೆಗೆ ಮರಳಿದರೆ, ಎರಡನೆಯ ಸಲ ವೈದ್ಯರಲ್ಲಿಗೆ ಹೋದಾಗ ಅಜ್ಜಿಯೂ ಹಟಮಾಡಿ ಜೊತೆಗೆ ಬಂದರು. ಮನೆತನದ ಪ್ರಶ್ನೆಗೆ ತಂದೆ ಎಂದಿನಂತೆ ಇಲ್ಲವೆಂದು ತಲೆಯಾಡಿಸಿದರು. ಅಜ್ಜಿ ಸೆರಗು ಸರಿಪಡಿಸಿಕೊಂಡು, "ನನ್ನ ತಮ್ಮನಿಗೆ ಹೀಗೇ ಆಗುತ್ತಿತ್ತಪ್ಪಾ. ಆರು ತಿಂಗಳು ಮೌನ, ಆಮೇಲೆ ಊರೆಲ್ಲ ತಿರುಗಾಟ. ದೇಶಾಂತರ ಹೋದನೆಂದು ನಾವು ಹೇಳಿಕೊಂಡು ಬಂದೆವು" ಎಂದರು. ಮೊಮ್ಮಗ ಅಂದು ಮೊದಲ ಬಾರಿಗೆ ತಲೆಯೆತ್ತಿ ಅಜ್ಜಿಯ ಮುಖ ನೋಡಿದ.